ಪರದೇಶದ ದುಡಿಮೆಯೂ ಮನೆಯವರ ಧರ್ಮವೂ

ದುಡಿಮೆಯನ್ನು ಅರಸಿ ಹುಟ್ಟೂರನ್ನು ಬಿಟ್ಟು ಹೋಗುವುದು ಮಾನವನ ಇತಿಹಾಸದಷ್ಟೇ ಹಳೆಯದು. ಹಾಗೆ ಹೋಗುವುದು ತಪ್ಪೇ, ಸರಿಯೇ ಎಂಬ ಪ್ರಶ್ನೆಯನ್ನು ನಮ್ಮ ಹಿರಿಯರು ಎಂದೋ ಬಗೆಹರಿಸಿದ್ದಾರೆ. ಹನ್ನೆರಡನೆಯ ಶತಮಾನದ ಕಲ್ಯಾಣವನ್ನೇ ನೋಡಿರಿ. ಅಲ್ಲಿ ನೆರೆದ ಶರಣರಲ್ಲಿ ಆ ಊರಿನಲ್ಲಿಯೇ ಹುಟ್ಟಿ ಬೆಳೆದವರೆಷ್ಟು ಮಂದಿ? ಬಸವಣ್ಣನವರು ಬಾಗೇವಾಡಿಯಿಂದ ಹೊರಟು ಕೂಡಲಸಂಗಮವನ್ನು ಸೇರಿ, ಮಂಗಳವಾಡದ ಮೂಲಕ ಕಲ್ಯಾಣಕ್ಕೆ ಬಂದವರು. ಮೋಳಿಗೆಯ ಮಾರಯ್ಯನವರು ಕಾಶ್ಮೀರದ ಅರಸೊತ್ತಿಗೆಯನ್ನು ತೊರೆದು ಬಂದು ಕಟ್ಟಿಗೆಯ ಹೊರೆಯನ್ನು ಹೊತ್ತು ಮಾರಿದರೆಂಬುದು ಪರಂಪರೆಯ ನಂಬಿಕೆ. ಆದಯ್ಯನವರು ಸೌರಾಷ್ಟ್ರದಿಂದ ವ್ಯಾಪಾರಕ್ಕೆಂದು ಪುಲಿಗೆರೆಗೆ ಬಂದವರು. ಹೀಗಿರುವಾಗ ಪರದೇಶಕ್ಕೆ ಹೋಗಿ ದುಡಿಯುವುದೇ ಅಧರ್ಮವೆಂದು ಹೇಳುವ ಬಾಯಿ ನಮಗಿಲ್ಲ.

ಆದರೆ ದುಡಿಮೆಯು ಕಾಯಕವೆಂಬ ಹೆಸರಿಗೆ ಯೋಗ್ಯವಾಗಬೇಕಾದರೆ ಮೂರು ಪ್ರಶ್ನೆಗಳಿಗೆ ಉತ್ತರ ಕೊಡಬೇಕಾಗುತ್ತದೆ: ಯಾವ ಮನಸ್ಸಿನಿಂದ ದುಡಿದೆ? ಯಾರಿಗಾಗಿ ದುಡಿದೆ? ಎಷ್ಟಕ್ಕಾಗಿ ದುಡಿದೆ? ಮೊದಲನೆಯ ಎರಡು ಪ್ರಶ್ನೆಗಳನ್ನು ಕುರಿತು ಸಾಕಷ್ಟು ಉಪನ್ಯಾಸಗಳು ನಡೆದಿವೆ. ಮೂರನೆಯದನ್ನು ಕೇಳುವವರು ವಿರಳ. ಅದಕ್ಕೆ ಉತ್ತರವನ್ನು ಯಾರು ಕೊಡಬೇಕು ಎಂಬುದನ್ನಂತೂ ನಾವು ಯೋಚಿಸಿಯೇ ಇಲ್ಲ. ಕೊಲ್ಲಿ ರಾಷ್ಟ್ರಗಳ ನಗರಗಳಿಗೆ ಹೋಗಿ ದುಡಿಯುತ್ತಿರುವ ನಮ್ಮ ಮಕ್ಕಳ ಬಾಳಿನಲ್ಲಿ ಈ ಪ್ರಶ್ನೆಯು ಬಹು ತೀಕ್ಷ್ಣವಾಗಿ ಎದ್ದು ನಿಂತಿರುವುದರಿಂದ ಇಲ್ಲಿ ಅದನ್ನು ಎತ್ತಿಕೊಂಡಿದ್ದೇವೆ.

ಕೊಲ್ಲಿ ಪ್ರದೇಶಕ್ಕೂ ನಮಗೂ ಇರುವ ಸಂಬಂಧವು ನಿನ್ನೆ ಮೊನ್ನೆಯದಲ್ಲ. ಒಂದು ಕಾಲದಲ್ಲಿ ಅಲ್ಲಿನ ಅಂಗಡಿ ಬೀದಿಗಳಲ್ಲಿ ನಡೆಯುತ್ತಿದ್ದುದು ನಮ್ಮ ರೂಪಾಯಿಯೇ. 1959ರಲ್ಲಿ ಭಾರತೀಯ ರಿಸರ್ವ್ ಬ್ಯಾಂಕು ಆ ಪ್ರದೇಶದ ಚಲಾವಣೆಗೆಂದೇ ಪ್ರತ್ಯೇಕವಾದ ನೋಟುಗಳನ್ನು ಹೊರಡಿಸಿತ್ತು. 1966ರಲ್ಲಿ ರೂಪಾಯಿಯ ಬೆಲೆಯನ್ನು ಇಳಿಸಿದ ಬಳಿಕ ದುಬೈ ಮೊದಲಾದ ನಾಡುಗಳು ಅದನ್ನು ಕೈಬಿಟ್ಟವು. ಅದೇ ವರ್ಷ ದುಬೈಯಲ್ಲಿ ಎಣ್ಣೆ ದೊರೆಯಿತು. 1971ರ ಡಿಸೆಂಬರ್ 2ರಂದು ಅರಬ್ ಸಂಯುಕ್ತ ಸಂಸ್ಥಾನವು ಸ್ಥಾಪಿತವಾಯಿತು. 1973ರಲ್ಲಿ ಜಗತ್ತಿನ ಮಾರುಕಟ್ಟೆಯಲ್ಲಿ ಎಣ್ಣೆಯ ಬೆಲೆಯು ಒಮ್ಮೆಲೇ ಏರಿದಾಗ ಆ ಮರಳುಗಾಡಿನಲ್ಲಿ ಬಂದರು, ರಸ್ತೆ, ಆಸ್ಪತ್ರೆ, ಸೌಧಗಳನ್ನು ಕಟ್ಟುವ ಮಹಾಕಾರ್ಯವು ಆರಂಭವಾಯಿತು. 1968ರ ಜನಗಣತಿಯಲ್ಲಿ ಸುಮಾರು 59 ಸಾವಿರ ಜನರಿದ್ದ ದುಬೈಯಲ್ಲಿ ಇಂದು 35 ಲಕ್ಷಕ್ಕೂ ಮಿಕ್ಕಿದ ಜನರಿದ್ದಾರೆ. 2010ರಲ್ಲಿ ಅಲ್ಲಿ ಉದ್ಘಾಟನೆಗೊಂಡ ಬುರ್ಜ್ ಖಲೀಫಾ ಸೌಧದ ಎತ್ತರ 828 ಮೀಟರು. ಒಂದು ತಲೆಮಾರಿನ ಕಣ್ಣೆದುರಿಗೇ ಬೆಳೆದು ನಿಂತ ಈ ನಗರವನ್ನು ಕಟ್ಟಿದ ಕೈಗಳಲ್ಲಿ ಭಾರತೀಯರವು ಅಸಂಖ್ಯಾತ.

ಕರ್ನಾಟಕದ ಮಟ್ಟಿಗೆ ಈ ವಲಸೆಯ ಹೆಬ್ಬಾಗಿಲು ಕರಾವಳಿ. ಮಂಗಳೂರು, ಉಡುಪಿ, ಭಟ್ಕಳಗಳಲ್ಲಿ ಕೊಲ್ಲಿಯ ಹಣದ ಗುರುತಿಲ್ಲದ ಬೀದಿಯನ್ನು ಕಾಣುವುದು ಕಷ್ಟ. ಇತ್ತ ನಮ್ಮ ಬಯಲುಸೀಮೆಯ ಮೂಡಣ ಗಡಿಯ ಆಚೆಗಿರುವ ಆಂಧ್ರದ ಕಡಪ, ರಾಯಚೋಟಿ ಸೀಮೆಗಳಿಂದ ಕುವೈತಿಗೆ ಹೋದವರ ಸಂಖ್ಯೆಯೂ ದೊಡ್ಡದು. ಅವರಲ್ಲಿ ಮನೆಗೆಲಸಕ್ಕೆ ಹೋದ ಹೆಣ್ಣುಮಕ್ಕಳು ಬಹಳ ಮಂದಿ. ಇವೆರಡರ ನಡುವೆ ಇರುವ ಚಿಕ್ಕಬಳ್ಳಾಪುರದ ಸೀಮೆಯಲ್ಲಿ ಕರಾವಳಿಯಷ್ಟು ದೊಡ್ಡ ಪ್ರವಾಹವಿಲ್ಲ. ಇಲ್ಲಿನ ಯುವಕರಿಗೆ ಮೊದಲು ಕಾಣುವುದು ದೊಡ್ಡಬಳ್ಳಾಪುರದ ಕಾರ್ಖಾನೆ, ಆಮೇಲೆ ಬೆಂಗಳೂರು. ಅದಕ್ಕೂ ಆಚೆಗೆ ಕಣ್ಣು ಹಾಯಿಸುವವರಿಗೆ ವಿಮಾನ ನಿಲ್ದಾಣವು ದೂರವೇನೂ ಇಲ್ಲ. 2008ರಿಂದ ಅದು ದೇವನಹಳ್ಳಿಯಲ್ಲಿಯೇ ಇದೆ.

ಮಂಚೇನಹಳ್ಳಿಯ ಸುತ್ತಿನ ನೆಲವನ್ನು ಬಲ್ಲವರಿಗೆ ಈ ಆಚೆಯ ನೋಟವು ಏಕೆ ಹುಟ್ಟುತ್ತದೆಂಬುದನ್ನು ವಿವರಿಸಬೇಕಾಗಿಲ್ಲ. ಬಹುಕಾಲ ಗೌರಿಬಿದನೂರು ತಾಲ್ಲೂಕಿಗೆ ಸೇರಿದ್ದು ಇತ್ತೀಚಿನ ವರ್ಷಗಳಲ್ಲಿ ತಾನೇ ತಾಲ್ಲೂಕು ಕೇಂದ್ರವಾಗಿರುವ ಈ ಊರಿನ ಸೀಮೆಯಲ್ಲಿ ವರ್ಷವಿಡೀ ಹರಿಯುವ ಹೊಳೆಯಿಲ್ಲ. ನಂದಿಯ ಬೆಟ್ಟಗಳಲ್ಲಿ ಹುಟ್ಟುವ ಉತ್ತರ ಪಿನಾಕಿನಿಯು ಹೆಸರಿಗೆ ನದಿ. ವರ್ಷದ ಬಹುಭಾಗ ಅದು ಮರಳಿನ ಹಾಸು. ಕೆರೆಗಳನ್ನು ನಂಬಿ ಬದುಕಿದ ನಾಡು ಕೊಳವೆ ಬಾವಿಗಳನ್ನು ನಂಬಿತು. ಬಾವಿಗಳು ಸಾವಿರ ಅಡಿಯನ್ನು ದಾಟಿದರೂ ಕೆಲವೆಡೆ ಬರುವುದು ಬರಿಯ ಧೂಳು. ಬಂದ ನೀರಿನಲ್ಲಿಯೂ ಫ್ಲೋರೈಡಿನ ದೋಷ. ರಾಗಿ, ಜೋಳ, ಕಡಲೆಕಾಯಿಗಳು ಮಳೆಯ ಮರ್ಜಿಯನ್ನು ಕಾಯುತ್ತವೆ; ರೇಷ್ಮೆಯೂ ಹೂವೂ ಮಾರುಕಟ್ಟೆಯ ಮರ್ಜಿಯನ್ನು ಕಾಯುತ್ತವೆ. ಎರಡು ಬಾವಿಗಳು ಬತ್ತಿದರೆ ಒಂದು ಸಂಸಾರವು ಸಾಲದಲ್ಲಿ ಮುಳುಗಲು ಬೇರೆ ಕಾರಣ ಬೇಕಿಲ್ಲ.

ಇದೇ ಸೀಮೆಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರನ್ನು 1906ರಲ್ಲಿ ಸರ್ಕಾರವು ಅರಬ್ಬೀ ನೆಲದ ಏಡನ್ ನಗರಕ್ಕೆ ಕಳುಹಿಸಿತ್ತೆಂಬುದನ್ನು ಇಲ್ಲಿ ನೆನೆಯುವುದು ಉಚಿತ. ಆ ನಗರಕ್ಕೆ ಕುಡಿಯುವ ನೀರನ್ನು ಒದಗಿಸುವ ಮತ್ತು ಕೊಳಚೆಯನ್ನು ಸಾಗಿಸುವ ವ್ಯವಸ್ಥೆಯನ್ನು ಕುರಿತು ಸಲಹೆ ಕೊಡುವುದು ಅವರಿಗೆ ಒಪ್ಪಿಸಿದ ಕಾರ್ಯ. ಅವರ ಪ್ರಯಾಣಕ್ಕೆ ಒಂದು ನಿರ್ದಿಷ್ಟವಾದ ಉದ್ದೇಶವಿತ್ತು, ಆ ಉದ್ದೇಶಕ್ಕೆ ಒಂದು ಕೊನೆಯಿತ್ತು. ಕೆಲಸ ಮುಗಿಯಿತು, ಹಿಂದಿರುಗಿದರು. ಮಹಾಪುರುಷರ ಮಾತು ಬೇರೆ, ಬಡವನ ಮಗನ ಮಾತು ಬೇರೆ ಎಂದು ಯಾರಾದರೂ ಹೇಳಬಹುದು. ನಿಜವೇ. ಆದರೆ ಹೋಗುವ ಮೊದಲೇ ಕೊನೆಯನ್ನು ಅರಿತಿರುವುದು ಮಹಾಪುರುಷರಿಗಷ್ಟೇ ಮೀಸಲಾದ ಗುಣವೇ? ಇಂದು ಹೋಗುವವರಲ್ಲಿ ಹೆಚ್ಚಿನವರಿಗೆ ಇಲ್ಲದಿರುವುದು ಈ ಒಂದು ಅರಿವು.

ಒಂದು ಉದಾಹರಣೆಯನ್ನು ಕಲ್ಪಿಸಿಕೊಂಡು ಲೆಕ್ಕವನ್ನು ಮುಂದಿಡೋಣ. ಮಂಚೇನಹಳ್ಳಿಯ ಬಳಿಯ ಒಂದು ಗ್ರಾಮದ ಇಪ್ಪತ್ತಾರು ವಯಸ್ಸಿನ ಯುವಕನೊಬ್ಬನು ದುಬೈಯಲ್ಲಿ ವಿದ್ಯುತ್ ತಂತಿ ಜೋಡಿಸುವ ಕೆಲಸಕ್ಕೆ ಹೊರಟನೆಂದು ಭಾವಿಸೋಣ. ಏಜೆಂಟನು ಕೇಳಿದ್ದು 1 ಲಕ್ಷ 20 ಸಾವಿರ ರೂಪಾಯಿ. ಮನೆಯವರು ಅದನ್ನು ನೂರಕ್ಕೆ ಮೂರು ರೂಪಾಯಿ ಬಡ್ಡಿಯಂತೆ ಕೈಸಾಲ ತಂದರು. ತಿಂಗಳ ಬಡ್ಡಿಯೇ 3,600 ರೂಪಾಯಿ. ಸಂಬಳ ತಿಂಗಳಿಗೆ 1,200 ದಿರ್ಹಾಂ. ಊಟ, ಫೋನು, ಔಷಧಿಗಳಿಗೆ 400 ಕಳೆದರೆ ಉಳಿಯುವುದು 800. ದಿರ್ಹಾಮಿಗೆ 23 ರೂಪಾಯಿಯೆಂದು ಹಿಡಿದರೆ ಮನೆಗೆ ಬರುವುದು 18,400. ಬಡ್ಡಿಯನ್ನು ಕಳೆದ ಮೇಲೆ ಸಂಸಾರದ ಕೈಗೆ ಸಿಕ್ಕುವುದು 14,800 ರೂಪಾಯಿ ಮಾತ್ರ. ಮನೆಯ ಖರ್ಚನ್ನು ಎಷ್ಟೇ ಬಿಗಿ ಹಿಡಿದರೂ ಅಸಲು ತೀರಲು ಒಂದೂವರೆ ಎರಡು ವರ್ಷವೇ ಬೇಕು. ಅಂದರೆ ಮೊದಲನೆಯ ಕರಾರಿನ ಅವಧಿಯೆಲ್ಲವೂ, ಹೋಗುವುದಕ್ಕಾಗಿ ಮಾಡಿದ ಸಾಲವನ್ನು ತೀರಿಸುವುದರಲ್ಲಿಯೇ ಸವೆಯುತ್ತದೆ.

ಇದು ಮೊದಲನೆಯ ಘಟ್ಟ. ಇಲ್ಲಿ ಅವನ ಮೇಲಾಗಲಿ ಮನೆಯವರ ಮೇಲಾಗಲಿ ಆಕ್ಷೇಪಣೆಗೆ ಎಡೆಯಿಲ್ಲ. ಎರಡನೆಯ ಕರಾರಿನಲ್ಲಿ ಹಳೆಯ ಬಾವಿಯ ಸಾಲ ತೀರುತ್ತದೆ. ತಂದೆಯ ಕಣ್ಣಿನ ಪೊರೆಯನ್ನು ತೆಗೆಸಲಾಗುತ್ತದೆ. ಇದೂ ಧರ್ಮವೇ. ಮೂರನೆಯ ಕರಾರಿನಲ್ಲಿ ತಂಗಿಯ ಮದುವೆ. ಮದುವೆ ಮಾಡಲೇಬೇಕು, ಆದರೆ 'ದುಬೈಯಲ್ಲಿರುವ ಅಣ್ಣ' ಇರುವುದರಿಂದ ಛತ್ರವು ದೊಡ್ಡದಾಗುತ್ತದೆ, ಒಡವೆಯ ತೂಕ ಹೆಚ್ಚುತ್ತದೆ. ನಾಲ್ಕನೆಯ ಕರಾರಿನಲ್ಲಿ ಹಂಚಿನ ಮನೆ ಹೋಗಿ ತಾರಸಿ ಮನೆ ಬರುತ್ತದೆ. ಐದನೆಯದರಲ್ಲಿ ತಾರಸಿಯ ಮೇಲೆ ಇನ್ನೊಂದು ಮಹಡಿ. ಅದರಲ್ಲಿ ವಾಸಿಸುವವರು ಯಾರೂ ಇಲ್ಲ. ಆರನೆಯದರಲ್ಲಿ ಭಾವಮೈದುನನಿಗೆ ವ್ಯಾಪಾರದ ಬಂಡವಾಳ. ಹೀಗೆ ಎರಡು ವರ್ಷಕ್ಕೆಂದು ಹೋದವನಿಗೆ ಹನ್ನೆರಡು ವರ್ಷ ಕಳೆಯುತ್ತದೆ. ಎರಡು ವರ್ಷಕ್ಕೊಮ್ಮೆ ಎರಡು ತಿಂಗಳ ರಜೆಯೆಂದರೆ, ಆ ಹನ್ನೆರಡು ವರ್ಷಗಳಲ್ಲಿ ಅವನು ಹೆಂಡತಿ ಮಕ್ಕಳೊಡನೆ ಕಳೆದದ್ದು ಕೇವಲ ಹತ್ತು ತಿಂಗಳು. ಮಗಳು ಅವನನ್ನು ತಂದೆಯೆಂದು ಬಲ್ಲಳು. ಆದರೆ ಯಾವ ಸಾರಿನಲ್ಲಿ ಅವನಿಗೆ ಹುಳಿ ಹೆಚ್ಚು ಬೇಕೆಂಬುದನ್ನು ಅರಿಯಳು.

ಇಲ್ಲಿ ಯಾರು ತಪ್ಪಿತಸ್ಥರು? ಹುಡುಕಿದರೆ ಒಬ್ಬರೂ ಸಿಕ್ಕುವುದಿಲ್ಲ. ಒಂದೊಂದು ಬೇಡಿಕೆಯನ್ನೂ ಬೇರೆ ಬೇರೆಯಾಗಿ ನೋಡಿದರೆ ಅದು ನ್ಯಾಯವಾಗಿಯೇ ತೋರುತ್ತದೆ. ತಾಯಿಯು ದುರಾಸೆಯವಳಲ್ಲ, ಹೆಂಡತಿಯು ದುಂದುಗಾರ್ತಿಯಲ್ಲ, ತಮ್ಮನು ಸೋಮಾರಿಯಲ್ಲ. ಎಲ್ಲರೂ ಒಳ್ಳೆಯವರೇ. ಹೀಗಿದ್ದೂ ಒಬ್ಬ ಮನುಷ್ಯನ ಯೌವನವು ಯಾರೂ ತೀರ್ಮಾನಿಸದೆ, ಯಾರೂ ಒಪ್ಪಿಗೆ ಕೊಡದೆ ಖರ್ಚಾಗಿ ಹೋಗಿರುತ್ತದೆ. ಕೆಟ್ಟವರಿಂದ ಆಗುವ ಅನ್ಯಾಯವನ್ನು ಗುರುತಿಸುವುದು ಸುಲಭ. ಒಳ್ಳೆಯವರೆಲ್ಲ ಸೇರಿ, ಒಬ್ಬರಿಗೊಬ್ಬರು ಹೇಳಿಕೊಳ್ಳದೆ ಮಾಡುವ ಅನ್ಯಾಯವನ್ನು ಗುರುತಿಸುವುದಕ್ಕೆ ಸೂಕ್ಷ್ಮವಾದ ವಿವೇಕವೇ ಬೇಕು.

ಈ ವಿವೇಕದ ಮೇಲ್ಪಂಕ್ತಿಯು ನಮ್ಮ ಪರಂಪರೆಯಲ್ಲಿ ಇದೆ. ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ವೃತ್ತಾಂತವನ್ನು ಬಾಲ್ಯದಿಂದ ಕೇಳದವರಿಲ್ಲ. ಅವರೂ ಲಿಂಗಸೂಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ವಲಸೆ ಬಂದವರು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮ ದಾಸೋಹವನ್ನು ನಡೆಸುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ಅನುಭಾವ ಗೋಷ್ಠಿಯಲ್ಲಿ ಮೈಮರೆತು ಕುಳಿತಾಗ ಲಕ್ಕಮ್ಮನವರು ಕಾಯಕದ ಹೊತ್ತು ಮೀರಿತೆಂದು ಎಚ್ಚರಿಸಿ ಎಬ್ಬಿಸಿ ಕಳುಹಿಸಿದರು. ಇನ್ನೊಂದು ದಿನ ಅವರು ನಿತ್ಯದ ಅಳತೆಗಿಂತ ಹೆಚ್ಚಿನ ಅಕ್ಕಿಯನ್ನು ತಂದಾಗ ಅದೇ ಲಕ್ಕಮ್ಮನವರು ಹೆಚ್ಚಿನದನ್ನು ಸ್ವೀಕರಿಸಲು ಒಪ್ಪದೆ, ಎಲ್ಲಿಂದ ತಂದಿರೋ ಅಲ್ಲಿಯೇ ಸುರಿದು ಬರಬೇಕೆಂದು ಹೇಳಿದರು.

ಈ ವೃತ್ತಾಂತವನ್ನು ನಿರಾಸೆಯ ಕಥೆಯೆಂದು ನಾವು ಕೊಂಡಾಡುತ್ತೇವೆ. ಅದು ಸರಿಯೇ. ಆದರೆ ಅದರಲ್ಲಿ ಸಾಮಾನ್ಯವಾಗಿ ನಮ್ಮ ಕಣ್ಣಿಗೆ ಬೀಳದ ಒಂದು ಅಂಶವುಂಟು. ಸಾಕು ಎಂಬ ಮಾತನ್ನು ಹೇಳಿದವರು ಹೊರಗೆ ಹೋಗಿ ಆಯ್ದವರಲ್ಲ, ಮನೆಯಲ್ಲಿದ್ದು ಸ್ವೀಕರಿಸುವವರು. ಆಯುವವನ ಕೈಗೆ ಅಳತೆ ತಿಳಿಯುವುದಿಲ್ಲ. ಅವನ ಕಣ್ಣೆದುರಿಗೆ ಕಾಳು ಬಿದ್ದಿದೆ, ಅವನು ಬಗ್ಗುತ್ತಾನೆ, ಆಯುತ್ತಾನೆ; ಪ್ರೀತಿ ಹೆಚ್ಚಾದಷ್ಟೂ ಹೆಚ್ಚಾಗಿ ಆಯುತ್ತಾನೆ. ಪಾತ್ರೆ ಎಷ್ಟು ತುಂಬಿದೆಯೆಂಬುದನ್ನು ಬಲ್ಲವರು ಒಲೆಯ ಮುಂದೆ ಇರುವವರು. ಆದುದರಿಂದ ಎಷ್ಟಕ್ಕಾಗಿ ಎಂಬ ಪ್ರಶ್ನೆಗೆ ಉತ್ತರ ಕೊಡುವ ಹೊಣೆಯು ದುಡಿಯುವವನಿಗಿಂತ ಮಿಗಿಲಾಗಿ ಪಡೆಯುವವರದು. ಇದೇ ಈ ಲೇಖನದ ತಾತ್ಪರ್ಯ.

ನಾವು ಇದುವರೆಗೆ ದುಡಿಯುವವನ ಧರ್ಮವನ್ನು ಬೋಧಿಸುತ್ತ ಬಂದಿದ್ದೇವೆ: ಪ್ರಾಮಾಣಿಕನಾಗಿರು, ದುಶ್ಚಟಕ್ಕೆ ಬಲಿಯಾಗದಿರು, ತಂದೆತಾಯಿಗಳನ್ನು ಮರೆಯದಿರು, ಹಣವನ್ನು ತಪ್ಪದೆ ಕಳುಹಿಸು. ಪಡೆಯುವವರಿಗೂ ಒಂದು ಧರ್ಮವಿದೆಯೆಂಬುದನ್ನು ನಾವು ಬೋಧಿಸಲಿಲ್ಲ. 2024ರಲ್ಲಿ ಪರದೇಶಗಳಲ್ಲಿರುವ ಭಾರತೀಯರು ತಾಯ್ನಾಡಿಗೆ ಕಳುಹಿಸಿದ ಹಣವು ಸುಮಾರು 129 ಶತಕೋಟಿ ಡಾಲರೆಂದು ವಿಶ್ವಬ್ಯಾಂಕು ಅಂದಾಜು ಮಾಡಿತು. ಆ ವರ್ಷ ಜಗತ್ತಿನ ಬೇರಾವ ದೇಶಕ್ಕೂ ಅಷ್ಟು ಹಣ ಬರಲಿಲ್ಲ. ಇದನ್ನು ಕೇಳಿ ನಾವು ಹೆಮ್ಮೆಪಡುತ್ತೇವೆ. ಕಳುಹಿಸಿದವರ ಲೆಕ್ಕ ಬ್ಯಾಂಕಿನಲ್ಲಿದೆ. ಪಡೆದವರು ಅದನ್ನು ಹೇಗೆ ಪಡೆದರೆಂಬುದರ ಲೆಕ್ಕವನ್ನು ಇಡುವವರು ಯಾರು?

ಈ ಮಾತಿಗೆ ಎರಡು ಪ್ರಬಲವಾದ ಆಕ್ಷೇಪಣೆಗಳು ಏಳುತ್ತವೆ. ಅವುಗಳನ್ನು ಅಲ್ಲಗಳೆದು ಮುಂದೆ ಸಾಗುವುದು ನ್ಯಾಯವಲ್ಲ.

ಮೊದಲನೆಯದು: ಬಡವನಿಗೆ ಸಾಕೆಂಬ ಉಪದೇಶವು ಕ್ರೌರ್ಯವಲ್ಲವೇ? ತಲೆಮಾರುಗಳಿಂದ ಸೋರುವ ಸೂರಿನ ಕೆಳಗೆ ಬಾಳಿದವರು ಈಗ ಒಂದು ಗಟ್ಟಿ ಮನೆಯನ್ನು ಕಟ್ಟಿಕೊಂಡರೆ, ಉಳ್ಳವರಿಗೆ ಇಲ್ಲದ ಸಂಯಮವನ್ನು ಅವರಿಗೇಕೆ ಹೇಳಬೇಕು? ಈ ಪ್ರಶ್ನೆಯಲ್ಲಿ ಸತ್ಯವಿದೆ. ಸಾಲವನ್ನು ತೀರಿಸುವುದು, ರೋಗಿಗೆ ಮದ್ದು ಕೊಡಿಸುವುದು, ಮಕ್ಕಳನ್ನು ಓದಿಸುವುದು, ತಲೆಯ ಮೇಲೊಂದು ಸೂರನ್ನು ಮಾಡಿಕೊಳ್ಳುವುದು, ಇವುಗಳಲ್ಲಿ ಯಾವುದೂ ಅತಿಯಾಸೆಯಲ್ಲ. ಊರಿನಲ್ಲಿ ಅವಮಾನಿತರಾಗಿ ಬಾಳಿದ ಕುಲದವರಿಗೆ ಒಂದು ಎತ್ತರದ ಮನೆಯು ಬರಿಯ ಗಾರೆ ಇಟ್ಟಿಗೆಯಲ್ಲ, ಅದು ತಲೆಯೆತ್ತಿ ನಡೆಯುವ ಹಕ್ಕು ಎಂಬುದನ್ನೂ ನಾವು ಬಲ್ಲೆವು. ನಮ್ಮ ಮಾತು ಬಡವನ ಗಳಿಕೆಗೆ ಹಾಕುವ ಕಡಿವಾಣವಲ್ಲ. ಆ ಗಳಿಕೆಯ ಬೆಲೆಯನ್ನು ತೆರುತ್ತಿರುವವನು ಯಾರೆಂಬುದನ್ನು ನೆನಪಿಡಿ ಎಂಬ ಬಿನ್ನಹ. ಉಳ್ಳವನ ಮಹಡಿಗೆ ಅವನ ಬಾಡಿಗೆಯ ಹಣ ಹೋಗುತ್ತದೆ. ಬಡವನ ಮಹಡಿಗೆ ಮಗನ ಎರಡು ವರ್ಷ ಹೋಗುತ್ತದೆ. ಲಕ್ಕಮ್ಮನವರೂ ಸಿರಿವಂತರಾಗಿರಲಿಲ್ಲ; ಚೆಲ್ಲಿದ ಅಕ್ಕಿಯನ್ನು ಬೇಯಿಸುವ ಮನೆಯಿಂದಲೇ ಆ ಮಾತು ಬಂದುದು.

ಎರಡನೆಯದು: ಹೋದವನು ತಾನೇ ಬರಲು ಇಚ್ಛಿಸದಿದ್ದರೆ? ಇದೂ ಸುಳ್ಳಲ್ಲ. ಅಲ್ಲಿನ ಅಗಲವಾದ ರಸ್ತೆ, ಹೊತ್ತಿಗೆ ಸರಿಯಾಗಿ ಬರುವ ಸಂಬಳ, ದೀಪ ಆರದ ರಾತ್ರಿ, ಜಾತಿಯನ್ನು ಕೇಳದ ನೆರೆಹೊರೆ, ಇವೆಲ್ಲ ಮನಸ್ಸನ್ನು ಹಿಡಿಯುತ್ತವೆ. ಕರ್ನಾಟಕದವರು ಅಲ್ಲಿ ಸಂಘಗಳನ್ನು ಕಟ್ಟಿಕೊಂಡು ರಾಜ್ಯೋತ್ಸವವನ್ನೂ ಬಸವ ಜಯಂತಿಯನ್ನೂ ಆಚರಿಸುತ್ತಾರೆ. ಊರಿನಲ್ಲಿ ಕೂಲಿಯವನ ಮಗನೆನಿಸಿಕೊಂಡವನು ಅಲ್ಲಿ ಕುಶಲಕರ್ಮಿಯೆನಿಸಿಕೊಳ್ಳುತ್ತಾನೆ. ಅದು ಅವನಿಗೆ ದಕ್ಕಿದ ಗೌರವ. ಅದನ್ನು ಕಿತ್ತುಕೊಳ್ಳುವ ಅಧಿಕಾರ ನಮಗಿಲ್ಲ. ಆದರೆ ಕೊಲ್ಲಿಯ ನಗರವು ಅಮೆರಿಕದಂತಲ್ಲ. ಅಲ್ಲಿ ಎಷ್ಟು ವರ್ಷ ದುಡಿದರೂ ಸಾಮಾನ್ಯ ಕೆಲಸಗಾರನಿಗೆ ಪೌರತ್ವ ದೊರೆಯುವುದಿಲ್ಲ. ಕೆಲಸ ಇರುವವರೆಗೆ ವೀಸಾ, ವೀಸಾ ಇರುವವರೆಗೆ ವಾಸ. ದುಬೈಯನ್ನು ಕಟ್ಟಿದವನು ದುಬೈಯವನಾಗಲಾರನು. ಅವನು ಮರಳುವುದು ನಿಶ್ಚಯ. ಅನಿಶ್ಚಿತವಾಗಿರುವುದು ಮರಳುವ ವಯಸ್ಸು ಮತ್ತು ಮರಳಿದಾಗ ಅವನಿಗಾಗಿ ಉಳಿದಿರುವ ಜಾಗ. ಮೂವತ್ತೆಂಟರಲ್ಲಿ ಮರಳಿದವನು ಒಂದು ಹೊಸ ಬಾಳನ್ನು ಆರಂಭಿಸಬಲ್ಲನು. ಐವತ್ತೆಂಟರಲ್ಲಿ, ಸಕ್ಕರೆ ರೋಗ ಬೆನ್ನುನೋವುಗಳೊಡನೆ ಮರಳಿದವನು ತಾನು ಕಟ್ಟಿಸಿದ ಮನೆಯಲ್ಲಿಯೇ ಅತಿಥಿಯಾಗುತ್ತಾನೆ.

ಮರಳುವ ದಿನವನ್ನು ನಾವು ಗೊತ್ತುಮಾಡದಿದ್ದರೆ ವಿಧಿಯು ಗೊತ್ತುಮಾಡುತ್ತದೆ. 1990ರ ಆಗಸ್ಟ್ 2ರಂದು ಇರಾಕು ಕುವೈತನ್ನು ಆಕ್ರಮಿಸಿದಾಗ ಲಕ್ಷಾಂತರ ಭಾರತೀಯರು ಒಂದೇ ರಾತ್ರಿಯಲ್ಲಿ ನೆಲೆಯನ್ನು ಕಳೆದುಕೊಂಡರು. ಸುಮಾರು 1 ಲಕ್ಷ 70 ಸಾವಿರ ಮಂದಿಯನ್ನು ಹೆಚ್ಚಾಗಿ ಜೋರ್ಡಾನಿನ ಅಮ್ಮಾನಿನ ಮೂಲಕ ಏರ್ ಇಂಡಿಯಾ ವಿಮಾನಗಳಲ್ಲಿ ಕರೆತರಲಾಯಿತು. ವರ್ಷಗಳ ಉಳಿತಾಯವನ್ನು ಅಲ್ಲಿಯೇ ಬಿಟ್ಟು ಬಂದವರು ಅವರಲ್ಲಿ ಅನೇಕರು. 2020ರ ಮಹಾಮಾರಿಯಲ್ಲಿ ಮೇ 7ರಿಂದ ಮತ್ತೆ ಅಂತಹುದೇ ಮರುಪಯಣವು ನಡೆಯಿತು. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನವು ಮಂಗಳೂರಿನ ಬಜ್ಪೆಯಲ್ಲಿ ಕಣಿವೆಗೆ ಉರುಳಿ 158 ಜನರು ಮಡಿದರು; ಊರಿನ ನೆಲವನ್ನು ಮುಟ್ಟಿದ ಕ್ಷಣದಲ್ಲಿಯೇ ಆದ ಆ ದುರಂತವನ್ನು ಕರಾವಳಿಯು ಮರೆತಿಲ್ಲ. 2024ರ ಜೂನ್ 12ರಂದು ಕುವೈತಿನ ಮಂಗಾಫಿನಲ್ಲಿ ಕೆಲಸಗಾರರು ವಾಸವಾಗಿದ್ದ ಕಟ್ಟಡಕ್ಕೆ ಬೆಂಕಿ ಬಿದ್ದು ಕನಿಷ್ಠ 45 ಭಾರತೀಯರು ಅಸುನೀಗಿದರು. ಇವನ್ನು ಹೆದರಿಸುವುದಕ್ಕಾಗಿ ಹೇಳುತ್ತಿಲ್ಲ. ಕಾಲವು ನಮ್ಮ ಕೈಯಲ್ಲಿದೆಯೆಂದು ನಂಬಿ 'ಇನ್ನೊಂದು ಕರಾರು, ಇನ್ನೊಂದೇ ಕರಾರು' ಎನ್ನುವವರು ನೆನಪಿನಲ್ಲಿಡಬೇಕಾದ ಸತ್ಯವೆಂದು ಹೇಳುತ್ತಿದ್ದೇವೆ.

ಕರೆಸಿಕೊಂಡ ನಾಡಿಗೂ ಧರ್ಮವುಂಟು. ಅದನ್ನು ಹೇಳದೆ ಬಿಟ್ಟರೆ ಮನೆಯವರ ಮೇಲೆಯೇ ಎಲ್ಲ ಹೊರೆಯನ್ನೂ ಹೊರಿಸಿದಂತಾದೀತು. ಬಹುಕಾಲ ಕೊಲ್ಲಿಯ ನಾಡುಗಳಲ್ಲಿ ಕೆಲಸಗಾರನ ಇರವು ಒಬ್ಬ ಮಾಲೀಕನ ಹೆಸರಿಗೆ ಕಟ್ಟುಬಿದ್ದಿತ್ತು. ಆ ವ್ಯವಸ್ಥೆಯನ್ನು ಕಫಾಲ ಎನ್ನುತ್ತಾರೆ. ಪಾಸ್‌ಪೋರ್ಟನ್ನು ಮಾಲೀಕನು ಕಿತ್ತಿಟ್ಟುಕೊಂಡರೆ ದುಡಿಮೆಯು ಸೆರೆಯಾಗುತ್ತದೆ. ಸೆರೆಯಲ್ಲಿ ಮಾಡುವ ಕೆಲಸಕ್ಕೆ ಕಾಯಕವೆಂಬ ಹೆಸರು ಸಲ್ಲದು. ಕೆಲವು ಸುಧಾರಣೆಗಳು ಆಗಿವೆಯೆಂಬುದನ್ನು ಒಪ್ಪಬೇಕು. ಅರಬ್ ಸಂಯುಕ್ತ ಸಂಸ್ಥಾನದಲ್ಲಿ 2009ರಿಂದ ಸಂಬಳವನ್ನು ಬ್ಯಾಂಕಿನ ಮೂಲಕವೇ ಪಾವತಿ ಮಾಡುವ ವ್ಯವಸ್ಥೆ ಬಂದಿದೆ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ನಡುಹಗಲಿನಲ್ಲಿ ಬಿಸಿಲಿನ ಕೆಲಸಕ್ಕೆ ನಿಷೇಧವಿದೆ. ನೇಮಕಾತಿಯ ವೆಚ್ಚವನ್ನು ಕೆಲಸಗಾರನಿಂದ ವಸೂಲು ಮಾಡಬಾರದೆಂದು 2021ರ ಕಾಯಿದೆ ವಿಧಿಸುತ್ತದೆ. ಕತಾರು 2020ರಲ್ಲಿ, ಕೆಲಸ ಬದಲಾಯಿಸಲು ಹಳೆಯ ಮಾಲೀಕನ ಅನುಮತಿ ಬೇಕೆಂಬ ನಿಯಮವನ್ನು ತೆಗೆದುಹಾಕಿತು. ಕಾಯಿದೆಯು ಕಾಗದದಿಂದ ಕ್ಯಾಂಪಿಗೆ ಇಳಿಯುವುದು ಎಲ್ಲ ನಾಡುಗಳಲ್ಲಿಯೂ ನಿಧಾನವಾದ ಕಾರ್ಯ. ಮನೆಯಿಂದ ಒಂದೇ ಸಮನೆ ಬೇಡಿಕೆ ಬರುತ್ತಿದ್ದರೆ ಕೆಲಸಗಾರನು ತನಗಾದ ಅನ್ಯಾಯವನ್ನು ದೂರಿಕೊಳ್ಳಲೂ ಅಂಜುತ್ತಾನೆ. ಕೆಲಸ ಹೋದರೆ ಈ ತಿಂಗಳ ಹಣಕ್ಕೆ ಏನು ಗತಿ ಎಂದು ಬಾಯಿ ಮುಚ್ಚಿಕೊಳ್ಳುತ್ತಾನೆ. ಹೀಗೆ ಮನೆಯವರ ಆಸೆಯು ದೂರದ ಮಾಲೀಕನ ಕೈಯನ್ನು ಬಲಪಡಿಸುತ್ತದೆ. ಮನೆಯವರು 'ಬೇಡವೆನಿಸಿದರೆ ಬಂದುಬಿಡು, ಗಂಜಿ ಕುಡಿದಾದರೂ ಬಾಳೋಣ' ಎಂದು ಹೇಳಬಲ್ಲವರಾದರೆ ಅವನ ಬೆನ್ನು ನೆಟ್ಟಗಾಗುತ್ತದೆ.

ಹೆಣ್ಣುಮಕ್ಕಳ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಮನೆಗೆಲಸಕ್ಕೆ ಹೋಗುವ ಹೆಂಗಸಿಗೆ ಕೆಲಸದ ಜಾಗವೂ ಇನ್ನೊಬ್ಬರ ಮನೆಯೇ, ಮಲಗುವ ಜಾಗವೂ ಅದೇ. ಬಾಗಿಲು ಮುಚ್ಚಿದರೆ ಸಾಕ್ಷಿಗಳಿಲ್ಲ. ಕಲಿಕೆ ಕಡಿಮೆಯಿರುವ ಹೆಂಗಸರು ಇಂತಹ ಕೆಲಸಕ್ಕೆ ಕೊಲ್ಲಿಯ ದೇಶಗಳಿಗೆ ಹೋಗಬೇಕಾದರೆ ಮೂವತ್ತು ವರ್ಷ ತುಂಬಿರಬೇಕೆಂಬ ನಿಯಮವನ್ನು ನಮ್ಮ ಸರ್ಕಾರ ಮಾಡಿರುವುದು ಇದೇ ಕಾರಣಕ್ಕೆ. ತನ್ನ ಮಕ್ಕಳನ್ನು ಅಜ್ಜಿಯ ಮಡಿಲಿನಲ್ಲಿ ಬಿಟ್ಟು ಪರರ ಮಕ್ಕಳನ್ನು ಎತ್ತಿ ಆಡಿಸುವ ತಾಯಿಯ ಹಣವನ್ನು ಎಣಿಸುವಾಗ, ಆ ನೋಟುಗಳಲ್ಲಿ ಯಾವ ಯಾವುದು ಸೇರಿದೆಯೆಂಬುದನ್ನು ಮನೆಯ ಗಂಡಸರು ಒಂದು ಗಳಿಗೆ ಚಿಂತಿಸಬೇಕು. ಆ ಹಣದಲ್ಲಿ ಮದ್ಯವನ್ನು ಕೊಂಡವನಿಗೆ ಯಾವ ಪ್ರಾಯಶ್ಚಿತ್ತವಿದೆಯೋ ನಾವರಿಯೆವು.

ಹಾಗಾದರೆ ಮಾಡಬೇಕಾದುದೇನು? ಉಪದೇಶವು ಆಚರಣೆಗೆ ಇಳಿಯದಿದ್ದರೆ ವ್ಯರ್ಥ. ಹೊರಡುವ ಮೊದಲು ಮನೆಮಂದಿಯೆಲ್ಲರೂ ಒಟ್ಟಿಗೆ ಕುಳಿತು ಒಂದು ಹಾಳೆಯಲ್ಲಿ ಬರೆಯಲಿ: ಯಾವ ಸಾಲ, ಯಾರ ಓದು, ಯಾವ ಸೂರು, ಎಷ್ಟು ಹಣ, ಎಷ್ಟು ವರ್ಷ. ಹೋಗುವವನ ಕೈಬರಹಕ್ಕಿಂತ ಉಳಿಯುವವರ ಸಹಿ ಆ ಹಾಳೆಯಲ್ಲಿ ಮುಖ್ಯ. ಪ್ರತಿ ರಜೆಯಲ್ಲಿಯೂ ಆ ಹಾಳೆಯನ್ನು ಹೊರತೆಗೆದು ಓದಲಿ. ಹೊಸ ಬೇಡಿಕೆಯೊಂದನ್ನು ಸೇರಿಸುವವರು ಅದು ಅವನ ಎಷ್ಟು ತಿಂಗಳ ಬಾಳೆಂಬುದನ್ನು ರೂಪಾಯಿಯ ಪಕ್ಕದಲ್ಲಿಯೇ ಬರೆಯಲಿ. ಬಂದ ಹಣದಲ್ಲಿ ಒಂದು ಪಾಲನ್ನು ಅವನ ಹೆಸರಿನಲ್ಲಿಯೇ, ಅವನು ಮರಳಿದ ಮೇಲಿನ ಬಾಳಿಗೆಂದು ಮುಟ್ಟದೆ ಇಡಲಿ. ಅದು ಅವನಿಗೆ ಮಾಡುವ ಉಪಕಾರವಲ್ಲ, ತೀರಿಸುವ ಋಣ.

ಕಾಯಿದೆಯ ವಿಷಯದಲ್ಲಿಯೂ ಎಚ್ಚರ ಬೇಕು. ಹತ್ತನೆಯ ತರಗತಿಯನ್ನು ಮುಗಿಸದವರು ಕೊಲ್ಲಿಯ ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ಸರ್ಕಾರದ ವಲಸೆ ಅನುಮತಿಯನ್ನು ಪಡೆಯಬೇಕು. 1983ರ ವಲಸೆ ಕಾಯಿದೆಯಂತೆ ನೋಂದಾಯಿತನಾದ ಏಜೆಂಟನಿಗೆ ಮಾತ್ರ ಜನರನ್ನು ಕಳುಹಿಸುವ ಅಧಿಕಾರವಿದೆ. ಅವನು ತೆಗೆದುಕೊಳ್ಳಬಹುದಾದ ಶುಲ್ಕಕ್ಕೂ ಸರ್ಕಾರವು 30 ಸಾವಿರ ರೂಪಾಯಿ ಮತ್ತು ಅದರ ಮೇಲಿನ ತೆರಿಗೆಯ ಮಿತಿಯನ್ನು ಹಾಕಿದೆ. ಸಂಬಳ ಎಷ್ಟು, ಕೆಲಸ ಯಾವುದು, ರಜೆ ಎಂದು ಎಂಬುದನ್ನು ಬರೆದ ಕರಾರು ಪತ್ರದ ಒಂದು ಪ್ರತಿಯು ಮನೆಯಲ್ಲಿ ಇರಲೇಬೇಕು. ಸಂದರ್ಶನದ ವೀಸಾದಲ್ಲಿ ಹೋಗಿ ಅಲ್ಲಿ ಕೆಲಸ ಹಿಡಿಯಬಹುದೆಂದು ಹೇಳುವವನ ಮಾತಿಗೆ ಮಾರುಹೋಗಬಾರದು. ಮೇಲಿನ ಉದಾಹರಣೆಯ ಯುವಕನು ಈ ನಿಯಮಗಳನ್ನು ಅರಿತು ಹೋಗಿದ್ದರೆ ಅವನ ಮೊದಲನೆಯ ಎರಡು ವರ್ಷಗಳು ಬಡ್ಡಿಗೆ ಬಲಿಯಾಗುತ್ತಿರಲಿಲ್ಲ. ಗ್ರಾಮದಲ್ಲಿ ಓದು ಬರಹ ಬಲ್ಲವರು, ಶಿಕ್ಷಕರು, ಮಠಗಳವರು, ಮರಳಿ ಬಂದವರು ಈ ತಿಳಿವಳಿಕೆಯನ್ನು ಕೊಡುವುದಾದರೆ ಅದೂ ಒಂದು ದಾಸೋಹವೇ. ದಾಸೋಹವೆಂದರೆ ಅನ್ನವನ್ನು ಬಡಿಸುವುದಷ್ಟೇ ಅಲ್ಲ. ಒಬ್ಬನ ಅನ್ನವನ್ನು ಇನ್ನೊಬ್ಬನು ಕಸಿಯದಂತೆ ಕಾಯುವುದೂ ಹೌದು.

ಮರಳಿ ಬಂದವನನ್ನು ಊರು ಹೇಗೆ ಬರಮಾಡಿಕೊಳ್ಳುತ್ತದೆಂಬುದು ಕಡೆಯ ಮಾತು. ಹಣ ತರುವಾಗ ಅವನಿಗೆ ಹಾರ ಹಾಕಿದ ಊರು, ಹಣ ತರುವುದನ್ನು ನಿಲ್ಲಿಸಿದಾಗ 'ಅಲ್ಲಿ ಏನೋ ಎಡವಟ್ಟಾಯಿತಂತೆ' ಎಂದು ಪಿಸುಗುಟ್ಟುತ್ತದೆ. ಈ ಪಿಸುಮಾತಿಗೆ ಅಂಜಿಯೇ ಎಷ್ಟೋ ಜನರು ಅಲ್ಲಿಯೇ ಉಳಿದುಬಿಡುತ್ತಾರೆ. ಸಾಕೆಂದು ಬಂದವನು ಸೋತು ಬಂದವನಲ್ಲ. ಅವನ ಕೈಯಲ್ಲಿ ಕೌಶಲವಿದೆ: ತಂತಿ ಜೋಡಿಸುವುದು, ಬೆಸುಗೆ ಹಾಕುವುದು, ಭಾರಿ ಯಂತ್ರವನ್ನು ನಡೆಸುವುದು, ಹನಿ ನೀರನ್ನೂ ವ್ಯರ್ಥಮಾಡದೆ ಮರಳಿನಲ್ಲಿ ಹಸಿರನ್ನು ಬೆಳೆಸುವುದು. ನೀರಿಲ್ಲದ ನೆಲದಲ್ಲಿ ಬಾಳುವುದನ್ನು ಕಲಿತು ಬಂದವನು, ನೀರು ಬತ್ತಿದ ನಮ್ಮ ಸೀಮೆಗೆ ಬೇಡವಾದವನೇ? ಅವನು ತಂದ ದಿರ್ಹಾಂ ಒಂದು ದಿನ ಮುಗಿಯುತ್ತದೆ. ಅವನು ತಂದ ಕೆಲಸದ ಅರಿವು ಹಂಚಿದಷ್ಟೂ ಹೆಚ್ಚುತ್ತದೆ.

ಗಳಿಸುವುದಕ್ಕೆ ಸಾಹಸ ಬೇಕು, ಕಳುಹಿಸುವುದಕ್ಕೆ ಪ್ರೇಮ ಬೇಕು. ಸ್ವೀಕರಿಸುವುದಕ್ಕೆ ಬೇಕಾದುದು ವಿವೇಕ. ಕಡಲಾಚೆಯ ಬಿಸಿಲಿನಲ್ಲಿ ಒಬ್ಬನು ನಿಂತು ದುಡಿಯುತ್ತಿರುವಾಗ ನೆರಳಿನಲ್ಲಿರುವ ನಾವು ಅವನಿಗೆ ಕೊಡಬಹುದಾದ ದೊಡ್ಡ ಕಾಣಿಕೆ ಒಂದೇ. ಪಾತ್ರೆ ತುಂಬಿದ ದಿನ, ಅವನು ಕೇಳುವ ಮೊದಲೇ, ಪ್ರೀತಿಯಿಂದ ಹೇಳೋಣ: ಅಪ್ಪಾ, ಇಷ್ಟು ಸಾಕು, ಮನೆಗೆ ಬಾ.